ಕುಬೇರಪ್ಪನವರ ಒಂದೇ ಪ್ರಶ್ನೆ

ಕುಷ್ಟಗಿ, ೯ ಜೂನ್ ೨೦೨೫, ಸೋಮವಾರ

ಬೆಳಿಗ್ಗೆ ಚಹಾಕ್ಕೆ ಬಂದ ಹೈದರಸಾಬ ಕಪ್ಪನ್ನು ಮುಟ್ಟಲೇ ಇಲ್ಲ. ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ. ಯಲಬುರ್ಗಾದ ಅವನ ಬೀಗರು ಕಳಿಸಿದ ವಾಟ್ಸಪ್ ಸಂದೇಶ. ಗಂಗಾವತಿಯ ಹೇಮಧಾನ್ಯ ಕಂಪನಿಯ ತೌಡೆಣ್ಣೆ ಕಾರ್ಖಾನೆ ಬಂದ್ ಆಗಿದೆ, ಯಾರಿಗೋ ಮಾರಿಬಿಟ್ಟಿದ್ದಾರೆ, ಷೇರು ಇಟ್ಟುಕೊಂಡವರು ಮುಳುಗಿದರು ಎಂದಿತ್ತು. ಕೊನೆಗೆ ಅಳುವ ಮುಖಗಳ ಸಾಲು.

"ಕುಬೇರಪ್ಪಾ, ಇದು ಖರೇ ಏನು?"

"ಖರೇ ಇದ್ದಿದ್ರ ನನಗ ಗೊತ್ತಿರ್ತಿರ್ಲಿಲ್ಲೇನು?" ಎಂದೆ. ನಿಜ ಹೇಳಬೇಕೆಂದರೆ ನನಗೆ ಏನೂ ಗೊತ್ತಿರಲಿಲ್ಲ.

ಹೇಮಧಾನ್ಯದ ಷೇರನ್ನು ನಮ್ಮ ಮೂವರಲ್ಲಿ ಮೊದಲು ಕೊಂಡವನು ನಾನು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದ ವರ್ಷ. ಅಕ್ಕಿ ಗಿರಣಿ ಇರುವವರೆಗೂ ತೌಡು ಇರುತ್ತದೆ, ತೌಡು ಇರುವವರೆಗೂ ಅದರ ಎಣ್ಣೆ ತೆಗೆಯುವವರು ಇರುತ್ತಾರೆ ಎಂದು ಭಾಷಣ ಬಿಗಿದು ಹೈದರಸಾಬನಿಗೂ ಕೊಡಿಸಿದೆ, ದಾಳಿಂಬೆ ತೋಟದ ವಿರುಪಣ್ಣನಿಗೂ ಕೊಡಿಸಿದೆ. ಹೈದರಸಾಬ ನಮ್ಮ ಡಿಪೋದ ಡ್ರೈವರ್ ಆಗಿದ್ದವನು. ಮೊಮ್ಮಗಳನ್ನು ನರ್ಸಿಂಗ್ ಓದಿಸಬೇಕೆಂದು ಕೂಡಿಟ್ಟದ್ದನ್ನು ನನ್ನ ಮಾತು ನಂಬಿ ಅಲ್ಲಿ ಹಾಕಿದ್ದಾನೆ.

ಸಂಜೆ ವಿರುಪಣ್ಣನೂ ಫೋನ್ ಮಾಡಿದ. ಅವನಿಗೂ ಅದೇ ಸಂದೇಶ ಬಂದಿದೆ.

೧೦ ಜೂನ್, ಮಂಗಳವಾರ

ಇವತ್ತು ಕಂಪನಿಗೆ ಬರೆದೆ. ಬರೆದೆ ಎಂದರೆ ಬರೆದೆ! ಮೂರು ಪುಟ, ನಮ್ಮ ಇಲಾಖೆಯ ಇಂಗ್ಲಿಷಿನಲ್ಲಿ. ಕಾರ್ಖಾನೆ ಏಕೆ ನಿಂತಿದೆ, ಯಾರಿಗೆ ಮಾರಿದಿರಿ, ಷೇರಿನ ಬೆಲೆ ಏಕೆ ಇಳಿಯಿತು, ಅಧ್ಯಕ್ಷರು ಹೊಸ ಕಾರು ಕೊಂಡದ್ದು ಹೌದೋ ಅಲ್ಲವೋ, ಸಣ್ಣ ಹೂಡಿಕೆದಾರರೆಂದರೆ ನಿಮಗೆ ಲೆಕ್ಕಕ್ಕಿಲ್ಲವೇ. ಮುಖ್ಯವಾದ ಕಡೆಗಳಲ್ಲಿ ದೊಡ್ಡ ಅಕ್ಷರ. ಅಧ್ಯಕ್ಷರಿಗೆ, ಹೂಡಿಕೆದಾರರ ಸಂಪರ್ಕ ವಿಭಾಗಕ್ಕೆ, ಷೇರು ವಿನಿಮಯ ಕೇಂದ್ರಕ್ಕೆ, ಕೊಪ್ಪಳದ ಜಿಲ್ಲಾಧಿಕಾರಿಗಳಿಗೆ, ಎಲ್ಲರಿಗೂ ಪ್ರತಿ ಕಳಿಸಿದೆ.

ಹೆಂಡತಿ ಹುಲಗೆಮ್ಮ ಹಿಂದೆ ನಿಂತು ನೋಡುತ್ತಿದ್ದಳು. "ಡೀಸಿ ಸಾಹೇಬರು ತೌಡ ಮಾರ್ತಾರೇನ್ರಿ?" ಎಂದಳು.

ಹೆಂಗಸರಿಗೆ ಆಡಳಿತ ತಿಳಿಯುವುದಿಲ್ಲ.

೧೩ ಜೂನ್, ಶುಕ್ರವಾರ

ಉತ್ತರ ಬಂದಿದೆ. ಎರಡೇ ಸಾಲು. "ನಮಗೆ ಬರೆದದ್ದಕ್ಕೆ ಧನ್ಯವಾದಗಳು. ನಿಮ್ಮ ಡಿಮ್ಯಾಟ್ ಖಾತೆಯ ಸಂಖ್ಯೆಯನ್ನೂ ನಿಮ್ಮ ಪ್ರಶ್ನೆಯನ್ನೂ ದಯವಿಟ್ಟು ತಿಳಿಸಿ." ಕೆಳಗೆ ಅಮೃತಾ, ಹೂಡಿಕೆದಾರರ ಸಂಪರ್ಕ ವಿಭಾಗ, ಹುಬ್ಬಳ್ಳಿ ಎಂದಿತ್ತು.

ನಿಮ್ಮ ಪ್ರಶ್ನೆಯನ್ನು ತಿಳಿಸಿ! ಮೂರು ಪುಟ ತುಂಬ ಇದ್ದದ್ದು ಮತ್ತೇನು, ಉಪ್ಪಿಟ್ಟು ಮಾಡುವ ವಿಧಾನವೇ?

"ಅಷ್ಟೆಲ್ಲಾ ಬರದ್ರಿ, ನಿಮ್ಮ ಖಾತೆ ನಂಬರ ಬರೀಲಿಲ್ಲೇನು?" ಎಂದಳು ಹುಲಗೆಮ್ಮ.

"ಕೆಳಗ ನನ್ನ ಹೆಸರು ಐತಲ್ಲ."

"ಕುಬೇರಪ್ಪ ಅಂದ್ರ ಸಾಕು ಅನ್ನಾಕ ಅದೇನು ಕುಷ್ಟಗಿ ಬಸ್‌ಸ್ಟ್ಯಾಂಡ್ ಏನ್ರಿ?"

೧೬ ಜೂನ್, ಸೋಮವಾರ

ಫೋನ್ ಮಾಡಿದೆ. ಹೈದರಸಾಬನನ್ನೂ ವಿರುಪಣ್ಣನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಸ್ಪೀಕರ್ ಹಾಕಿಯೇ ಮಾಡಿದೆ. ನಾನು ಹೇಗೆ ಬಾಯಿ ಬಿಡಿಸುತ್ತೇನೆ ಎಂದು ಅವರೂ ನೋಡಲಿ ಅಂತ. ಅದೇ ಅಮೃತಾ ಎತ್ತಿದಳು. ನಮ್ಮ ಕಡೆಯ ಮಾತೇ.

"ಒಂದ ಮಾತು ಹೇಳ್ರಿ ಮೇಡಂ. ಗಂಗಾವತಿ ಕಾರ್ಖಾನೆ ಮಾರ್ಯಾರೋ ಇಲ್ಲೋ?"

"ಸರ್, ಮಾರಾಟದ ಬಗ್ಗೆ ಕಂಪನಿ ಏನೂ ಪ್ರಕಟ ಮಾಡಿಲ್ರಿ. ಪ್ರಕಟ ಆಗಲಾರದ ಸಂಗತಿ ಬಗ್ಗೆ ನಾ ಹೌದು ಅಂತನೂ ಅನ್ನಂಗಿಲ್ಲ, ಇಲ್ಲ ಅಂತನೂ ಅನ್ನಂಗಿಲ್ಲ. ಹೇಳಿದ್ರ ಎಲ್ಲಾ ಷೇರುದಾರರಿಗೂ ಒಮ್ಮೆಗೇ ಹೇಳಬೇಕ್ರಿ. ಕಾನೂನು ಹಂಗ ಐತಿ."

"ಅಂದ್ರ ಮುಚ್ಚಿಡಾಕತ್ತೀರಿ!"

ಆಮೇಲೆ ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಸಣ್ಣವರು, ದೊಡ್ಡವರು, ಬೆವರಿನ ಹಣ, ದೇವರು ನೋಡುತ್ತಾನೆ, ಇಂಥವು. ಹುಲಗೆಮ್ಮ ಎದ್ದು ಕಿಟಕಿ ಮುಚ್ಚಿದಳು. ಅಷ್ಟರಲ್ಲಿ ಪಕ್ಕದ ಮನೆಯ ತಾಜಬೀ ಬಾಗಿಲಿಗೆ ಬಂದು, "ಯಾರಿಗೆ ಏನಾತ್ರಿ ಅಕ್ಕಾರ?" ಎಂದು ಗಾಬರಿಯಿಂದ ಕೇಳಿದರು.

ಆ ಹುಡುಗಿ ದನಿಯನ್ನು ಒಂದಿಷ್ಟೂ ಏರಿಸದೆ, "ಸರ್, ನಿಮಗ ಏನು ತಿಳೀಬೇಕಾಗೇತಿ ಅಂತ ಒಂದ ಸಲ ಬರದು ಕಳಸ್ರಿ. ನನ್ನ ಕೈಲಾದಷ್ಟು ಉತ್ತರ ಕೊಡ್ತೀನಿ" ಎಂದಳು. ದನಿ ಏರಿಸದಿದ್ದದ್ದೇ ನನಗೆ ಇನ್ನಷ್ಟು ಸಿಟ್ಟು ತಂದಿತು. ಕಟ್ ಮಾಡಿದೆ.

ಗೆದ್ದೆನೆಂದು ಆ ಇಬ್ಬರ ಕಡೆ ನೋಡಿದೆ. ವಿರುಪಣ್ಣ ಚಪ್ಪಲಿ ಮೆಟ್ಟುತ್ತಿದ್ದ. "ಹಂಗಾರ ಏನು ತಿಳೀತು, ಕುಬೇರಣ್ಣಾ?" ಎಂದ.

೧೭ ಜೂನ್, ಮಂಗಳವಾರ

ಇಬ್ಬರೂ ಚಹಾಕ್ಕೆ ಬರಲಿಲ್ಲ. ಮಾಡಿದ ಚಹಾವನ್ನೆಲ್ಲ ನಾನೇ ಕುಡಿದೆ. ಎದೆ ಉರಿ.

೨೧ ಜೂನ್, ಶನಿವಾರ

ಹೇಳುವವರು ಹೇಳದಿದ್ದರೆ ನಾನೇ ನೋಡಿ ಬರುತ್ತೇನೆ ಎಂದು ಬೆಳಗಿನ ಬಸ್ಸಿಗೆ ಗಂಗಾವತಿಗೆ ಹೊರಟೆ. ತಾವರಗೇರಾ ದಾಟಿ ಕನಕಗಿರಿಯಲ್ಲಿ ಬಸ್ಸು ನಿಂತಾಗ ಬಿಸಿ ಮಿರ್ಚಿ ತಿಂದೆ. ಎದೆ ಉರಿಯನ್ನು ಮರೆತೇಬಿಟ್ಟಿದ್ದೆ.

ಕಾರ್ಖಾನೆಯ ಗೇಟು ಹಾಕಿತ್ತು. ಒಳಗೆ ಲಾರಿ ಇಲ್ಲ, ಸದ್ದಿಲ್ಲ. ಕಾವಲಿನ ಕಾಸೀಮಸಾಬ ಕುರ್ಚಿ ಕೊಟ್ಟು ಕೂರಿಸಿದ. ಬಾಯ್ಲರ್ ಬದಲಿಸುತ್ತಿದ್ದಾರೆ, ಹೊಸದು ಬರಬೇಕು ಎಂದ. ಎದುರಿನ ಪಾನ್ ಅಂಗಡಿಯವನು, ಬಾಯ್ಲರ್ ಎಲ್ಲ ನೆಪ, ಆಂಧ್ರದವರು ಕಾರಿನಲ್ಲಿ ಬಂದು ಅಳತೆ ಮಾಡಿಕೊಂಡು ಹೋದರು ಎಂದ. ಕುಷ್ಟಗಿಯಿಂದ ಒಂದು ಸುದ್ದಿ ಹೊತ್ತು ಹೋದವನಿಗೆ ಎರಡು ಸಿಕ್ಕವು.

ಹೊರಡುವಾಗ ಕಾಸೀಮಸಾಬ ನನ್ನನ್ನು ಗೇಟಿನಾಚೆವರೆಗೂ ಕಳಿಸಲು ಬಂದ. "ನೀವು ಷೇರಿನವರಂದ್ರ ಮಾಲಕರ ಇದ್ದಂಗ ಅಲ್ರೀ? ನಮ್ಮಂಥ ಗುತ್ತಿಗಿ ಮಂದಿನ್ನ, ಹಮಾಲರನ್ನ, ಮತ್ತ ಕರಿತಾರೋ ಇಲ್ಲೋ ಕೇಳ್ರಿ. ನನ್ನ ಮಗ ತೌಡಿನ ಚೀಲ ಹೊರಾಂವ. ಈಗ ಮನ್ಯಾಗ ಅದಾನ."

ಕೇಳುತ್ತೇನೆ ಎಂದು ಅವನ ಫೋನ್ ನಂಬರು ಬರೆದುಕೊಂಡೆ. ಮಾಲಕ ಎಂದು ನನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲ.

ಕುಷ್ಟಗಿಗೆ ಬಂದಿಳಿದಾಗ ನಿಲ್ದಾಣದಲ್ಲಿ ಗದ್ದಲ. ಒಬ್ಬ ಪ್ರಯಾಣಿಕ ವಿಚಾರಣೆಯ ಕಿಟಕಿಗೆ ಮುಖ ತುರುಕಿ, ಇಳಕಲ್ ಬಸ್ ಏಕಿಲ್ಲ, ನೀವೆಲ್ಲ ಸಂಬಳ ಏಕೆ ತಗೋತೀರಿ ಎಂದು ಹೊಸ ಕಂಟ್ರೋಲರನ ಮೇಲೆ ಹರಿಹಾಯುತ್ತಿದ್ದ. ಕಂಟ್ರೋಲರ್ ಬೆವರು ಒರೆಸಿಕೊಳ್ಳುತ್ತ ಸುಮ್ಮನೆ ಕೂತಿದ್ದ. ಪಾಪ, ಡಿಪೋದವರು ತಿಳಿಸದೆ ಅವನಾದರೂ ಏನು ಹೇಳಿಯಾನು? "ಬಸ್ಸು ಕೊಪ್ಪಳ ಬಿಟ್ಟಿದೆಯೇ?" ಎಂದು ಒಂದು ಮಾತು ಕೇಳಿದ್ದರೆ ಅಷ್ಟನ್ನು ಹೇಳುತ್ತಿದ್ದ. ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು. ಜನರಿಗೆ ಕೇಳುವುದು ಹೇಗೆಂದೇ ಗೊತ್ತಿಲ್ಲ.

೨೨ ಜೂನ್, ರವಿವಾರ

ಮಗಳು ಸುನಿತಾ ಕೊಪ್ಪಳದಿಂದ ಬಂದಿದ್ದಳು. ಜಿಲ್ಲಾ ಪಂಚಾಯಿತಿಯಲ್ಲಿ ಕೆಲಸ ಮಾಡುವವಳು, ಕಡತ ಓದುವ ತಾಳ್ಮೆಯಿದೆ.

"ಅಪ್ಪಾ, ಕಂಪನಿಯವರು ವರ್ಷಾ ವರದಿ ಕಳಸ್ತಾರ. ಒಮ್ಮೆರ ತಗದು ನೋಡೀರೇನು?"

"ನೋಡೀನಲ್ಲ."

"ಏನು ನೋಡಿದ್ರಿ?"

"ಫೋಟೋ."

ಅವಳು ನಕ್ಕು, ಕಂಪ್ಯೂಟರಿನಲ್ಲಿ ಹೋದ ವರ್ಷದ ವರದಿ ತೆಗೆದುಕೊಟ್ಟಳು. ಊಟ ಮುಗಿಸಿ ಕೂತವನು ಚಹಾದ ಹೊತ್ತಿನವರೆಗೂ ಓದಿದೆ. ಅರ್ಧ ತಿಳಿಯಲಿಲ್ಲ. ಆದರೆ ಒಂದು ಕಡೆ ಗಂಗಾವತಿ ಎಂಬ ಹೆಸರು ಕಂಡಿತು. ಅಲ್ಲಿಯ ಹಳೆಯ ಬಾಯ್ಲರ್ ತೆಗೆದು ಹೊಸದು ಕೂರಿಸುತ್ತೇವೆ, ಮುಂದಿನ ಬೇಸಿಗೆಯೊಳಗೆ ಮುಗಿಸುತ್ತೇವೆ ಎಂದು ಅವರೇ ಬರೆದಿದ್ದಾರೆ! ಕಾಸೀಮಸಾಬ ಹೇಳಿದ್ದು ಸುಳ್ಳಲ್ಲ.

ಹೊಸದಾಗಿ ಬರೆದೆ. ಈ ಸಲ ಕನ್ನಡದಲ್ಲಿ. ಇಲ್ಲೂ ಇಳಿಸಿಡುತ್ತೇನೆ:

"ಅಮೃತಾ ಅವರಿಗೆ ನಮಸ್ಕಾರ. ನಾನು ನಿಮ್ಮ ಷೇರುದಾರ, ಡಿಮ್ಯಾಟ್ ಸಂಖ್ಯೆ ಮೇಲೆ ಬರೆದಿದ್ದೇನೆ. ಹೋದ ವರ್ಷದ ವರದಿಯಲ್ಲಿ ಗಂಗಾವತಿ ಘಟಕದ ಬಾಯ್ಲರ್ ಬದಲಿಸುವುದಾಗಿ ಹೇಳಿದ್ದೀರಿ. ಈಗ ಘಟಕ ನಿಂತಿರುವುದು ಆ ಕೆಲಸಕ್ಕಾಗಿಯೇ? ಈ ಬಗ್ಗೆ ಕಂಪನಿ ಈಗಾಗಲೇ ಪ್ರಕಟಿಸಿದ್ದು ಇದ್ದರೆ ಅದು ಎಲ್ಲಿ ಸಿಗುತ್ತದೆ ತಿಳಿಸಿ. ನಿಮ್ಮ ಕೆಲಸದ ನಡುವೆ ಬಿಡುವಾದಾಗ ಉತ್ತರಿಸಿದರೆ ಸಾಕು."

ಸುನಿತಾ ಎರಡು ಸಲ ಓದಿದಳು. "ಇದನ್ನ ನೀವ ಬರದ್ರ್ಯಾ?" ಎಂದಳು. ಮತ್ತ್ಯಾರು ಬರೆಯುತ್ತಾರೆ? ಮಧ್ಯಾಹ್ನವಿಡೀ ಓದಿ ಕಣ್ಣು ನೋಯುತ್ತಿದ್ದವು, ಉದ್ದ ಬರೆಯಲು ಆಗಲಿಲ್ಲ, ಅಷ್ಟೇ.

೨೪ ಜೂನ್, ಮಂಗಳವಾರ

ಉತ್ತರ ಬಂತು! ಮೇ ತಿಂಗಳಲ್ಲೇ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಪ್ರಕಟಣೆಯನ್ನು ಲಗತ್ತಿಸಿದ್ದಾಳೆ. ಬಾಯ್ಲರ್ ಕೆಲಸಕ್ಕೆ ಘಟಕ ನಿಲ್ಲಿಸಿದ್ದಾರೆ, ಯಂತ್ರ ಬರುವುದು ತಡವಾಗಿದೆ, ಈ ವರ್ಷ ಲಾಭಾಂಶ ಕೊಡುವುದು ಕಷ್ಟ. ಎಲ್ಲ ಅಲ್ಲಿದೆ. ಒಂದು ತಿಂಗಳಿಂದ ಎಲ್ಲರ ಕಣ್ಣೆದುರಿಗೇ ಇದ್ದದ್ದು. ಮಾರುಕಟ್ಟೆಯ ಗಾಳಿಮಾತುಗಳಿಗೆ ಪ್ರತಿಕ್ರಿಯಿಸುವಂತಿಲ್ಲ ಎಂದೂ ಬರೆದಿದ್ದಾಳೆ. ಆಗಸ್ಟಿನಲ್ಲಿ ಲಾಭ-ನಷ್ಟದ ಫಲಿತಾಂಶ ಪ್ರಕಟವಾದ ಮೇಲೆ ಫೋನಿನಲ್ಲಿ ಸಭೆ ಇದೆಯಂತೆ. ಯಾವ ಷೇರುದಾರನಾದರೂ ಸೇರಬಹುದು.

ಹೈದರಸಾಬನ ಮನೆಗೆ ನಾನೇ ಹೋಗಿ, ಸಾಲು ಸಾಲು ಕನ್ನಡ ಮಾಡಿ ಓದಿ ಹೇಳಿದೆ.

"ಮಾರಿಲ್ಲ ಅಂತ ಬರದಾರೇನು?" ಎಂದ.

ಹೌದು ಎಂದುಬಿಟ್ಟಿದ್ದರೆ ಅವನ ಮುಖ ಅರಳುತ್ತಿತ್ತು. ಏಕೋ ಬಾಯಿ ಬರಲಿಲ್ಲ. "ಇಲ್ಲೋ, ಅದನ್ನ ಬರದಿಲ್ಲ. ಬಾಯ್ಲರ್ ವಿಷಯ ಅಷ್ಟ ಖಾತ್ರಿ. ಉಳಿದದ್ದು ನನಗೂ ಗೊತ್ತಿಲ್ಲ" ಎಂದೆ.

"ಆತು ಬಿಡು. ಗೊತ್ತಿಲ್ಲ ಅಂದೆಲ್ಲ, ಅಷ್ಟ ಸಾಕು" ಎಂದು ಒಳಗೆ ಹೋಗಿ ಚಹಾ ಹೇಳಿ ಬಂದ.

೩ ಜುಲೈ, ಗುರುವಾರ

ವಿರುಪಣ್ಣ ಇದ್ದ ಷೇರನ್ನೆಲ್ಲ ಮಾರಿಬಿಟ್ಟ. "ಕುಬೇರಣ್ಣಾ, ತೋಟದಾಗ ರೋಗದ ಚಿಂತಿ, ಮನ್ಯಾಗ ಷೇರಿನ ಚಿಂತಿ, ಎರಡು ಆಗೂದಿಲ್ಲ. ನನಗ ನಿದ್ದಿ ಬೇಕಾಗೇತಿ" ಎಂದ. ಮುಂದೆ ಬೆಲೆ ಏರಿದರೆ ಅಳಬೇಡ ಎಂದು ಹೇಳಬೇಕೆಂದಿದ್ದೆ. ಅವನ ಮುಖದಲ್ಲಿ ಎಷ್ಟು ನಿರಾಳ ಇತ್ತೆಂದರೆ, "ಛಲೋ ಮಾಡಿದಿ" ಎಂದೆ. ಚಹಾಕ್ಕೆ ಮೂವರೂ ಇದ್ದೆವು.

೮ ಆಗಸ್ಟ್, ಶುಕ್ರವಾರ

ಇಂಥ ಅವಮಾನ ಯಾವ ಶತ್ರುವಿಗೂ ಬೇಡ.

ಫೋನ್ ಸಭೆಗೆ ಹೆಸರು ಕೊಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದೆ. ಫೋನಿನಲ್ಲಿ ಅಂಗಿ ಯಾರಿಗೆ ಕಾಣುತ್ತದೆ ಎಂದು ಹುಲಗೆಮ್ಮ ಕೇಳಿದಳು. ಮುಂಬಯಿಯ ದೊಡ್ಡ ದೊಡ್ಡವರು ಇಂಗ್ಲಿಷಿನಲ್ಲಿ ಕೇಳಿದರು. ಕೊನೆಗೆ, "ಕುಷ್ಟಗಿಯಿಂದ ಶ್ರೀ ಕುಬೇರಪ್ಪ" ಎಂದು ಕರೆದರು. ಎದ್ದು ನಿಂತೆ. ಮನೆಯಲ್ಲೇ ಎದ್ದು ನಿಂತು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಮುಗಿಸಿದಾಗ ಆ ಕಡೆಯಿಂದ, "ಕುಬೇರಪ್ಪ ಅವರೇ, ಇದ್ದೀರಾ? ಮುಂದಿನ ಪ್ರಶ್ನೆಗೆ ಹೋಗೋಣ" ಎಂದರು.

ಮೈಕ್ ಬಂದ್ ಇತ್ತು.

ಪಕ್ಕದಲ್ಲಿ ಕೂತಿದ್ದ ಹೈದರಸಾಬ ನಕ್ಕ ನಗೆಗೆ ಗೋಡೆ ಮೇಲಿನ ಹಲ್ಲಿ ಬಿದ್ದುಹೋಯಿತು.

೯ ಆಗಸ್ಟ್, ಶನಿವಾರ

ಅಮೃತಾ ತಾನಾಗಿಯೇ ಫೋನ್ ಮಾಡಿದ್ದಳು. "ನಿನ್ನೆ ನಿಮ್ಮ ಹೆಸರು ಕರದ್ವಿ ಸರ್, ದನಿ ಬರಲಿಲ್ಲ. ಬ್ಯಾಸರ ಮಾಡ್ಕೋಬ್ಯಾಡ್ರಿ. ಸೆಪ್ಟೆಂಬರದಾಗ ವಾರ್ಷಿಕ ಸಭಾ ಐತಿ, ವಿಡಿಯೋದಾಗ. ಮಾತಾಡೋರು ಮೊದಲ ಹೆಸರು ನೋಂದಾಯಿಸಬೇಕು. ಪ್ರಶ್ನೆ ಮುಂಚೇನ ಬರದು ಕಳಿಸಿದ್ರ ಮ್ಯಾಲಿನವರು ಉತ್ತರ ತಯಾರ ಮಾಡ್ಕೊಂಡು ಬರ್ತಾರ."

"ಇಂಗ್ಲಿಷಿನ್ಯಾಗ ಕೇಳಬೇಕೇನವ್ವಾ?"

"ಕನ್ನಡದಾಗ ಕೇಳ್ರಿ ಸರ್. ನಮ್ಮ ಎಂ.ಡಿ. ಸಾಹೇಬರು ಗದಗಿನವರು."

ಮೈಕಿನ ಗುಂಡಿ ಎಲ್ಲಿರುತ್ತದೆ ಎಂದೂ ಹೇಳಿಕೊಟ್ಟಳು.

೧೫ ಸೆಪ್ಟೆಂಬರ್, ಸೋಮವಾರ

ವಾರ್ಷಿಕ ಸಭೆಯಲ್ಲಿ ಮಾತಾಡಲು ಎರಡೇ ನಿಮಿಷ ಕೊಡುತ್ತಾರಂತೆ. ಕುಕ್ಕರ್ ಮೂರನೇ ಸೀಟಿ ಹೊಡೆಯುವುದರೊಳಗೆ ಮುಗಿಸಬೇಕೆಂದು ಅಡುಗೆಮನೆಯಲ್ಲಿ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಮೊದಲ ದಿನ ನಮಸ್ಕಾರ ಹೇಳುವುದರಲ್ಲೇ ಒಂದು ಸೀಟಿ ಆಯಿತು. ಕಂಪನಿಯನ್ನು ಹೊಗಳಿದ ಭಾಗ ತೆಗೆದೆ. ಬೈದ ಭಾಗವನ್ನೂ ತೆಗೆದೆ. ಅಧ್ಯಕ್ಷರ ಕಾರಿನ ವಿಷಯ ಎಂದೋ ಬಿಟ್ಟುಹೋಗಿತ್ತು. ಷೇರಿನ ಬೆಲೆ ಏಕೆ ಇಳಿಯಿತು ಎಂಬುದನ್ನು ಹೈದರಸಾಬನೇ ಹೊಡೆದುಹಾಕಿಸಿದ. "ಅದು ಬಜಾರದವರ ಕೈಯಾಗ ಐತಿ, ಇವರೇನು ಮಾಡ್ತಾರ?" ಎಂದ.

ಉಳಿದದ್ದು ಎರಡು: ಘಟಕ ನಿಮ್ಮಲ್ಲೇ ಉಳಿದು ಮತ್ತೆ ಶುರುವಾಗುತ್ತದೆಯೇ, ಆದರೆ ಯಾವಾಗ? ಗುತ್ತಿಗೆಯ ಹಮಾಲರನ್ನು ಮತ್ತೆ ಕರೆಯುತ್ತೀರಾ? ಎರಡನ್ನೂ ಅಮೃತಾಗೆ ಕಳಿಸಿದೆ.

ಎರಡರಲ್ಲಿ ಒಂದನ್ನೇ ಕೇಳುವ ಸಮಯ ಸಿಕ್ಕರೆ ಯಾವುದು ಎಂದು ಹುಲಗೆಮ್ಮ ಕೇಳಿದಳು. ಯೋಚಿಸುತ್ತಿದ್ದೇನೆ.

೧೮ ಸೆಪ್ಟೆಂಬರ್, ಗುರುವಾರ

ಸುನಿತಾ ರಜೆ ಹಾಕಿ ಬಂದು ಲ್ಯಾಪ್‌ಟಾಪ್ ಜೋಡಿಸಿಕೊಟ್ಟಳು. ಹೈದರಸಾಬ, ಷೇರೇ ಇಲ್ಲದ ವಿರುಪಣ್ಣ, ತಾಜಬೀ, ಎಲ್ಲರೂ ಪರದೆಗೆ ಕಾಣದಂತೆ ಗೋಡೆಗೆ ಒತ್ತಿಕೊಂಡು ಕೂತಿದ್ದರು. ಮೈಕ್ ಹಾಕಿದ್ದೇನೆಯೇ ಎಂದು ಎಲ್ಲರೂ ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು.

ಮಾರಾಟದ ಪ್ರಶ್ನೆ ನನಗಿಂತ ಮೊದಲಿನವರೇ ಕೇಳಿಬಿಟ್ಟರು. ಎಂ.ಡಿ. ಮುಚ್ಚುಮರೆ ಮಾಡಲಿಲ್ಲ. ಘಟಕ ಕೊಳ್ಳುತ್ತೇವೆಂದು ಒಬ್ಬರು ಬಂದದ್ದು ನಿಜ, ತಿಂಗಳುಗಟ್ಟಲೆ ಮಾತುಕತೆ ನಡೆಯಿತು, ನಿರ್ದೇಶಕರು ಕೊನೆಗೆ ಬೇಡವೆಂದರು, ಇವತ್ತು ಬೆಳಿಗ್ಗೆ ವಿನಿಮಯ ಕೇಂದ್ರಕ್ಕೆ ತಿಳಿಸಿದ್ದೇವೆ, ದೀಪಾವಳಿಯೊಳಗೆ ಘಟಕ ಶುರುವಾಗುತ್ತದೆ ಎಂದರು. ಹೈದರಸಾಬ ಕಣ್ಣು ಮುಚ್ಚಿ ಕೈ ಮೇಲೆತ್ತಿದ.

ಅಂದರೆ ಪಾನ್ ಅಂಗಡಿಯವನು ಹೇಳಿದ್ದೂ ಸುಳ್ಳಲ್ಲ! ಜೂನಿನಲ್ಲಿ ಆ ಹುಡುಗಿ ನನಗೆ ಅದನ್ನು ಹೇಳಿದ್ದರೆ ನಾನು ಹೈದರಸಾಬನಿಗೆ ಹೇಳುತ್ತಿದ್ದೆ, ಅವನು ಬೀಗರಿಗೆ ಹೇಳುತ್ತಿದ್ದ, ಸಂಜೆಯೊಳಗೆ ಇಡೀ ಯಲಬುರ್ಗಾ ಷೇರು ಮಾರುತ್ತಿತ್ತು. ಹೇಳದೆ ಇದ್ದದ್ದೇ ಸರಿ.

ನನ್ನ ಹೆಸರು ಕರೆದಾಗ ಕೇಳಲು ಒಂದೇ ಉಳಿದಿತ್ತು. "ಸಾಹೇಬರ, ಘಟಕ ಶುರುವಾದ ಮ್ಯಾಲೆ ಮೊದಲು ದುಡೀತಿದ್ದ ಗುತ್ತಿಗಿ ಹಮಾಲರನ್ನ ಮತ್ತ ಕರಿತೀರೇನ್ರಿ? ಅವರು ಮನ್ಯಾಗ ಕುಂತು ನಿಮ್ಮ ಕರೆ ಕಾಯಾಕತ್ತಾರ" ಎಂದೆ. ಬರೆದುಕೊಂಡ ಅಚ್ಚಗನ್ನಡವೆಲ್ಲ ಎಲ್ಲಿ ಹೋಯಿತೋ.

ಎಂ.ಡಿ. ಅವರೂ ಗದಗಿನ ಮಾತಿಗೇ ಇಳಿದರು. "ಕುಬೇರಪ್ಪನವರ, ಪ್ರಶ್ನೆ ಮೊದಲ ಕಳಿಸಿದ್ರಿ, ನೋಡೀನಿ. ಗುತ್ತಿಗಿದಾರರ ಜೋಡಿ ಮಾತು ಇನ್ನೂ ಮುಗಿದಿಲ್ಲ. ಇವತ್ತ ಸುಳ್ಳು ಭರವಸೆ ಕೊಡೂದಿಲ್ಲ. ಈ ತಿಂಗಳ ಮುಗಿಯೂದ್ರೊಳಗ ಉತ್ತರ ನಮ್ಮ ವೆಬ್‌ಸೈಟಿನ್ಯಾಗ ಎಲ್ಲಾರಿಗೂ ಕಾಣೂ ಹಂಗ ಹಾಕ್ತೀವಿ."

ಧನ್ಯವಾದ ಹೇಳಿ ಮೈಕ್ ಬಂದ್ ಮಾಡಿದೆ. ವಿರುಪಣ್ಣ ಚಪ್ಪಾಳೆ ಹೊಡೆದ. ತಾಜಬೀ ಮನೆಯಿಂದ ಶಾವಿಗೆ ಪಾಯಸ ತಂದರು. ಎದೆ ಬಹಳ ಹೊತ್ತು ಡಬಡಬ ಎನ್ನುತ್ತಿತ್ತು. ಇದು ಬೇರೆ ಥರದ್ದು, ಉರಿಯಲ್ಲ.

೩೦ ಸೆಪ್ಟೆಂಬರ್, ಮಂಗಳವಾರ

ಹೇಳಿದಂತೆ ಹಾಕಿದ್ದಾರೆ. ಹಳೆಯ ಹಮಾಲರಿಗೇ ಮೊದಲ ಕರೆ, ಆದರೆ ಎಲ್ಲರನ್ನೂ ಒಮ್ಮೆಗೇ ಅಲ್ಲ. ಕಾಸೀಮಸಾಬನಿಗೆ ಫೋನಿನಲ್ಲಿ ಓದಿ ಹೇಳಿದೆ. "ಎಲ್ಲಾರನ್ನ ಅಲ್ಲ" ಎಂಬುದನ್ನೂ ಹೇಳಿದೆ.

೧೭ ಅಕ್ಟೋಬರ್, ಶುಕ್ರವಾರ

ಗಂಗಾವತಿಯ ಘಟಕ ಶುರುವಾಗಿದೆ. ಕಾಸೀಮಸಾಬ ಫೋನ್ ಮಾಡಿ ಮಾತೇ ಆಡದೆ ಒಂದಿಷ್ಟು ಹೊತ್ತು ಯಂತ್ರದ ಸದ್ದು ಕೇಳಿಸಿದ. ಅವನ ಮಗನಿಗೆ ಮೊದಲ ಸರದಿಯಲ್ಲೇ ಕರೆ ಬಂತಂತೆ. ಅರ್ಧ ಜನಕ್ಕೆ ಇನ್ನೂ ಬಂದಿಲ್ಲ.

ಷೇರಿನ ಬೆಲೆ ಎಷ್ಟಾಗಿದೆ ಎಂದು ವಿರುಪಣ್ಣ ಕೇಳಿದ. ನೋಡಿರಲಿಲ್ಲ.

೧೧ ನವೆಂಬರ್, ಮಂಗಳವಾರ

ಉಳಿದ ಹಮಾಲರ ಬಗ್ಗೆ ಹೊಸದಾಗಿ ಏನಾದರೂ ಪ್ರಕಟವಾಗಿದೆಯೇ ಎಂದು ಕೇಳಲು ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಮೃತಾ ಇಲ್ಲ. ಮದುವೆಗೆಂದು ರಜೆಯ ಮೇಲಿದ್ದಾಳಂತೆ. ಗಾಳೇಶ ಎಂಬವರು ಎತ್ತಿದರು, ಕೆಲಸಕ್ಕೆ ಸೇರಿ ಎರಡನೇ ದಿನವಂತೆ. ನನ್ನ ಹೆಸರು ಹೇಳುತ್ತಿದ್ದಂತೆಯೇ ಆ ಕಡೆ ಏನೋ ಬಿದ್ದ ಸದ್ದಾಯಿತು. ಕಾಗದ ತಿರುವುವುದು ಕೇಳಿಸಿತು. "ಒಂದ ನಿಮಿಷ ಸರ್, ಒಂದ ನಿಮಿಷ" ಎನ್ನುವಾಗ ದನಿ ನಡುಗುತ್ತಿತ್ತು. ಬೆಳಿಗ್ಗೆಯಿಂದ ಯಾರೋ ಚೆನ್ನಾಗಿ ಬೈದಿರಬೇಕು.

"ಗಡಿಬಿಡಿ ಬ್ಯಾಡ್ರಿ, ಗಾಳೇಶ ಅವರ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ, ತಪ್ಪೇನೈತಿ? ನನ್ನ ಪ್ರಶ್ನೆ ಒಂದ ಐತಿ, ಬರಕೋರಿ. ನಿಮ್ಮ ಮ್ಯಾಲಿನವರನ್ನ ಕೇಳಿ ನಾಳೆ ನಾಡಿದ್ದು ತಿಳಿಸಿದ್ರ ನಡೀತೈತಿ. ಊಟ ಆತೇನು?"

"ಇಲ್ರಿ ಸರ್."

"ಮೊದಲ ಊಟ ಮಾಡ್ರಿ."

ಫೋನ್ ಇಟ್ಟು ತಿರುಗಿದರೆ ಹುಲಗೆಮ್ಮ ಸೊಪ್ಪು ಸೋಸುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಯಾರ ಜೋಡಿ ಮಾತಾಡಿದ್ರಿ, ಇಷ್ಟು ಮೆತ್ತಗ?"

ಏನು ಮೆತ್ತಗೆ? ನಾನು ಯಾವಾಗಲೂ ಹೀಗೇ ಮಾತಾಡುವುದು.